ಗಂಟೆಗಾರ ಅಂದ ಒಂದು ‘ನೀವು’

ಕೊಲಂಬಿಯಾದ ಬೆಟ್ಟದ ಮೇಲಿನ ನಮ್ಮ ನೊಬ್ಸಾದಲ್ಲಿ, ಚೌಕದಿಂದ ಕೆಳಕ್ಕಿಳಿಯುವ ಬೀದಿಯಲ್ಲಿ, ಬೆಲಾರ್ಮಿನೊ ತಿಬಾದುಯ್ಸಾನ ಉಣ್ಣೆ ಅಂಗಡಿ ಇದೆ. ವಯಸ್ಸು ಐವತ್ಮೂರು. ಮದುವೆ ಇಲ್ಲ. ಮೂವತ್ತು ವರ್ಷದ ವ್ಯಾಪಾರದಲ್ಲಿ ತನಗೆ ಯಾರೂ ಮೋಸ ಮಾಡಿಲ್ಲ ಎಂಬುದು ಅವನ ಹೆಗ್ಗಳಿಕೆ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಬೂಟು ನೋಡಿ, ಇವನು ಕೊಳ್ಳುವವನೋ ಬರೀ ಮುಟ್ಟಿ ನೋಡುವವನೋ ಎಂದು ಹೇಳಿಬಿಡುತ್ತಿದ್ದ. ತಲೆ ತೂರಿಸಿ ಹೊದೆಯುವ ನಮ್ಮ ಕಂಬಳಿಗೆ ರುವಾನ ಎಂದು ಹೆಸರು. ಅದರ ಅಂಚಿನಿಂದ ಒಂದೆಳೆ ಕಿತ್ತು ಬೆಂಕಿಕಡ್ಡಿ ತೋರಿಸುತ್ತಿದ್ದ. ಕೂದಲು ಸುಟ್ಟ ವಾಸನೆ ಬಂದರೆ ಕುರಿ, ಪ್ಲಾಸ್ಟಿಕ್ ಬಕೆಟ್ಟು ಸುಟ್ಟ ವಾಸನೆ ಬಂದರೆ ಕಾರ್ಖಾನೆ. ಇಷ್ಟೆಲ್ಲ ಚುರುಕಿನ ಮನುಷ್ಯ ಒಂದು ಸಿನಿಮಾದಲ್ಲಿ ಬಂದ ಒಂದೇ ಒಂದು ಪದವನ್ನು ನಂಬಿ ನಗೆಪಾಟಲಾದ. ಈಗ ಬೇರೆಯವರು ಹೇಳುವ ಮೊದಲೇ ಅವನೇ ಹೇಳಿಕೊಂಡು ನಗುತ್ತಾನೆ. ಸರಕಿನ ತೂತನ್ನು ತಾನೇ ತೋರಿಸಿಬಿಟ್ಟರೆ ಗಿರಾಕಿ ಬೆಲೆ ಇಳಿಸಲಾರ ಎಂಬುದು ಅವನಿಗೆ ಗೊತ್ತು.

ನಮ್ಮೂರಿನಲ್ಲಿ ಕಸುಬು ಎರಡೇ. ಅರ್ಧ ಊರು ಉಣ್ಣೆ ನೇಯುತ್ತದೆ, ಇನ್ನರ್ಧ ಊರು ಕಂಚು ಕರಗಿಸಿ ಗಂಟೆ ಎರಕ ಹೊಯ್ಯುತ್ತದೆ. ಹೀಗಿರುವಾಗ ಬಲಗೈ ಕಂಚಿನದಾಗಿರುವ, ಬೆನ್ನ ಮೇಲೆ ಉಣ್ಣೆಯ ಹೊದಿಕೆ ಹಾರಿಸಿಕೊಂಡು ಬರುವ ಮಹಾವೀರನೊಬ್ಬನ ಸಿನಿಮಾ ಬಂದರೆ, ಊರು ಅದನ್ನು ತನ್ನದೇ ಕಥೆ ಅಂದುಕೊಂಡದ್ದರಲ್ಲಿ ತಪ್ಪೇನು? ವೀರನ ಹೆಸರು ಕಂಚುಗೈ. ಅವನ ವೈರಿ ಗಂಟೆಗಾರ, ಗಂಟೆಯಾಕಾರದ ಮುಖವಾಡದೊಳಗೆ ತಲೆ ಇಟ್ಟುಕೊಂಡು ಓಡಾಡುವವನು. ಅವನ ಮುಖ ಕಂಡವರಿಲ್ಲ. ಒಟ್ಟು ಮೂರು ಭಾಗದ ಸಿನಿಮಾ. ಮೊದಲ ಭಾಗ ನೋಡಿ ಬಂದ ಎರಕದವರು, “ಆ ಗಂಟೆಗೆ ತವರ ಜಾಸ್ತಿ ಹಾಕಿದ್ದಾರೆ, ದನಿ ಸೀಳುತ್ತೆ” ಎಂದು ತಪ್ಪು ಹಿಡಿದರು. ಎರಡನೆಯ ಭಾಗ ನೋಡಿ ಬಂದ ಮೇಲೆ ತವರದ ಮಾತು ಯಾರೂ ಎತ್ತಲಿಲ್ಲ.

ಎರಡನೆಯ ಭಾಗ ಮುಗಿಯುವುದು ಹೀಗೆ. ಸೇತುವೆ ಮುರಿದಿದೆ. ಕಂಚಿನ ಕೈ ಬಿರುಕು ಬಿಟ್ಟಿದೆ. ಕೆಳಗೆ ನದಿ ಭೋರ್ಗರೆಯುತ್ತಿದೆ. ಎರಡು ಸಿನಿಮಾ ಉದ್ದಕ್ಕೂ ಕಂಚುಗೈಯನ್ನು ‘ನೀನು, ನಿನ್ನ’ ಎಂದು ಬೈಯುತ್ತ ಬಂದಿದ್ದ ಗಂಟೆಗಾರ, ಬೀಳುತ್ತಿರುವ ಅವನ ಮಣಿಕಟ್ಟನ್ನು ಹಿಡಿದು, ಮುಖವಾಡದೊಳಗಿನಿಂದ ಹೇಳುತ್ತಾನೆ: “ನಿಮ್ಮನ್ನ ಬೀಳೋಕೆ ಬಿಡಲ್ಲ.” ಪರದೆ ಕಪ್ಪಾಗುತ್ತದೆ.

ಪಕ್ಕದ ಪೇಟೆ ದುಯಿತಾಮಾದ ಚಿತ್ರಮಂದಿರದಲ್ಲಿ ಜನ ಎದ್ದು ರುವಾನ ಹುಡುಕುತ್ತಿದ್ದರೆ ಬೆಲಾರ್ಮಿನೊ ಮಾತ್ರ ಕುರ್ಚಿ ಬಿಟ್ಟೇಳಲಿಲ್ಲ.

“ನೀವು ಅಂದ,” ಎಂದ. “ಕೇಳಿಸ್ಕೊಂಡ್ರಾ? ನೀವು ಅಂದ!”

ಬೇರೆ ಊರುಗಳಲ್ಲಿ ‘ನೀವು’ ಅಂದರೆ ದೂರ, ‘ನೀನು’ ಅಂದರೆ ಹತ್ತಿರ. ನಮ್ಮ ಬೆಟ್ಟದ ಮೇಲೆ ಉಲ್ಟಾ. ಇಲ್ಲಿ ಗಂಡ ಹೆಂಡತಿಗೆ ನೀವು, ತಾಯಿ ಹೊಟ್ಟೆಯ ಮಗನಿಗೆ ನೀವು, ಅಣ್ಣ ತಮ್ಮನ ಕಪಾಳಕ್ಕೆ ಬಿಗಿಯುವಾಗಲೂ ನೀವು. ‘ನೀನು’ ಎಂಬುದು ಟೀವಿಯವರ ಮಾತು, ಕರಾವಳಿಯವರ ಮಾತು. ಊರಿನ ಗಂಡಸು ಯಾರಾದರೂ ಬಾಯ್ತಪ್ಪಿ ಹಾಗಂದರೆ, ಧಾರಾವಾಹಿಯ ನಾಯಕನ ಅಣಕ ಮಾಡುತ್ತಿದ್ದಾನೆ ಎಂದು ನಗುತ್ತಾರೆ. ಇವೆರಡರ ಮೇಲೆ ಹಚ್ಚುವ ಬೆಣ್ಣೆ ‘ಸುಮೆರ್ಸೆ’. ‘ತಮ್ಮ ದಯೆ’ ಎಂದು ಯಾವ ಕಾಲದಲ್ಲೋ ದೊರೆಗಳಿಗೆ ಅಂದಿದ್ದ ಮಾತು ಈಗ ಗಿರಾಕಿಗೂ ಸೈ, ಪಾದ್ರಿಗೂ ಸೈ, ಬಾಗಿಲಿಗೆ ಅಡ್ಡ ಮಲಗಿದ ನಾಯಿಗೂ ಸೈ.

ಹೀಗಾಗಿ ಬೆಲಾರ್ಮಿನೊಗೆ ಅನುಮಾನವೇ ಉಳಿಯಲಿಲ್ಲ. ಗಂಟೆಗಾರ ಕಂಚುಗೈಯ ಕಳೆದುಹೋದ ಅಣ್ಣ. ಸಾವಿನ ಅಂಚಿನಲ್ಲಿ ಬಾಯಿಂದ ಬರುವುದು ಮನೆಮಾತು ತಾನೆ? ಬೈಯುತ್ತಿದ್ದಷ್ಟು ಹೊತ್ತು ‘ನೀನು’; ಕೈ ಹಿಡಿದೊಡನೆ ‘ನೀವು’. ಎಳೆ ಕಿತ್ತು ಸುಟ್ಟು ನೋಡಿದ ಹಾಗೆ, ವಾಸನೆ ಬಂತು, ಇದು ಅಪ್ಪಟ ಉಣ್ಣೆ.

ಅಂಗಡಿಗೆ ಎದುರಾಗಿ ಒತಿಲಿಯಾಳ ಕಾಫಿ ಕಟ್ಟೆ. ಮೂರು ಎತ್ತರದ ಸ್ಟೂಲು, ಒಂದು ಒಲೆ, ಗಾಜಿನ ಪೆಟ್ಟಿಗೆಯಲ್ಲಿ ಬಿಸಿಬಿಸಿ ಅಲ್ಮೊಹಾಬಾನ, ಅಂದರೆ ಗಿಣ್ಣು ಬೆರೆಸಿ ಸುಟ್ಟ ಬನ್ನು. ಒತಿಲಿಯಾ ಗಂಟೆ ಎರಕದವನೊಬ್ಬನ ವಿಧವೆ, ನಲವತ್ತೆಂಟು ವರ್ಷದವಳು, ಮಾತು ಕಡಿಮೆ, ಕಾಫಿ ಗಟ್ಟಿ. ಮೂರನೆಯ ಭಾಗ ಬರುವವರೆಗಿನ ಎರಡು ವರ್ಷ ಈ ಕಟ್ಟೆಯ ಮೇಲೆ ನಡೆದ ವಾದವನ್ನು ಬರೆದಿಟ್ಟಿದ್ದರೆ ಸಿನಿಮಾದವರು ನಾಲ್ಕನೆಯ ಭಾಗವನ್ನೂ ತೆಗೆಯಬಹುದಿತ್ತು.

ಎದುರಾಳಿ ಔಷಧಿ ಅಂಗಡಿಯ ಪ್ಲಿನಿಯೊ, ಬೆಲಾರ್ಮಿನೊನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು.

“ಅಣ್ಣ ಅಂತೆ ಅಣ್ಣ! ದೋನ್ ಬೆಲಾರ್ಮಿನೊ, ನೀವು ನನ್ನ ಅಂಗಡಿ ಕೆಮ್ಮಿನ ಔಷಧಿ ಜಾಸ್ತಿ ಕುಡಿದಿದೀರಿ.”

“ಹಾಗಾದ್ರೆ ಯಾಕಂದ ನೀವು ಅಂತ? ಹೇಳಿ ನೋಡೋಣ.”

“ಯಾಕಂದ್ರೆ ಅವನು ಕಂಚುಗೈಯೇ. ಮುದುಕನಾಗಿ, ಕಾಲದಲ್ಲಿ ಹಿಂದಕ್ಕೆ ಬಂದಿರೋ ಕಂಚುಗೈ. ತನಗೆ ತಾನೇ ಮರ್ಯಾದೆ ಕೊಟ್ಕೋತಿದಾನೆ.”

“ನೀವು ಕನ್ನಡಿ ಮುಂದೆ ನಿಂತು ನಿಮಗೆ ನೀವೇ ನೀವು ಅಂತೀರಾ?”

“ಗಡ್ಡ ಹೆರೆಯೋವಾಗ ಕೊಯ್ಕೊಂಡ್ರೆ ಅಂತೀನಿ. ‘ಕಣ್ಣು ಕಾಣಲ್ವೇನ್ರೀ ನಿಮಗೆ, ಕತ್ತೆ ಬಡವಾ’ ಅಂತ.”

ಒತಿಲಿಯಾ ಎರಡು ಲೋಟ ಮುಂದೆ ತಳ್ಳಿದಳು. “ಆರೋಕ್ ಮುಂಚೆ ಕುಡೀರಿ ಸುಮೆರ್ಸೆ, ಇಬ್ರೂನೂ. ಆ ಗಂಟೆಗಾರ ಬಂದು ಒಂದು ರುವಾನನೂ ಕೊಳ್ಳಲ್ಲ, ಒಂದು ಮಾತ್ರೆನೂ ಕೊಳ್ಳಲ್ಲ.”

ಬೆಲಾರ್ಮಿನೊ ಅಷ್ಟಕ್ಕೇ ಬಿಡುವವನಲ್ಲ. ಮೊಬೈಲಿನಲ್ಲಿ ಕಂಚುಗೈ ಅಭಿಮಾನಿಗಳ ಬಳಗವೊಂದಿತ್ತು. ಮೆಕ್ಸಿಕೊದವರು, ಪೆರುವಿನವರು, ಅರ್ಜೆಂಟೀನಾದವರು, ಎಲ್ಲ ಮೀಸೆ ಚಿಗುರುವ ವಯಸ್ಸಿನವರು. ಅದರಲ್ಲಿ ಸೇರಿಕೊಂಡು, ಗಂಟಲು ಸರಿಮಾಡಿಕೊಂಡು, ಹನ್ನೊಂದು ನಿಮಿಷದ ಭಾಷಣವೊಂದನ್ನು ಧ್ವನಿಮುದ್ರಿಸಿ ಕಳಿಸಿದ. ಹಿನ್ನೆಲೆಯಲ್ಲಿ ಇಗರ್ಜಿಯ ಗಂಟೆ ಬೇರೆ ಹೊಡೆದಿತ್ತು. ಮೊದಲ ಉತ್ತರ: “ಫಾದರ್, ಇದು ಯಾವ ಭಾನುವಾರದ ಪ್ರಸಂಗ?” ಎರಡನೆಯದು ಅರ್ಜೆಂಟೀನಾದ ರೊಸಾರಿಯೊದಿಂದ: “ನಿಮ್ಮೂರಲ್ಲಿ ಅಣ್ಣತಮ್ಮಂದಿರು ವಕೀಲರ ಥರ ಮಾತಾಡ್ಕೋತಾರಾ ತಾತ?” ತಾತ ಎಂಬ ಮಾತು ಮೂರು ದಿನ ಚುಚ್ಚಿತು. ಆದರೂ ನಾಲ್ಕನೆಯ ದಿನ ಇನ್ನೊಂದು ಭಾಷಣ ಕಳಿಸಿದ. ಕೊಳ್ಳುವುದಿಲ್ಲ ಎಂದು ಹೊರಟ ಗಿರಾಕಿಯನ್ನು ಬೀದಿಯ ತುದಿಯವರೆಗೆ ಹಿಂಬಾಲಿಸುವ ಚಾಳಿ ಎಲ್ಲಿ ಹೋಗಬೇಕು?

ನಿಜವಾದ ಪೆಟ್ಟು ಕೊಟ್ಟವಳು ಮನೆಯ ಹುಡುಗಿಯೇ. ತಂಗಿಯ ಮಗಳು ಯೆರಾಲ್ದಿನ್ ಹುಡುಗಿಯರ ಶಾಲೆಯಲ್ಲಿ ಇಂಗ್ಲಿಷ್ ಟೀಚರು. ಒಂದು ಶನಿವಾರ ಸ್ಟೂಲಿನ ಮೇಲೆ ಕೂತು, ಬೆಲ್ಲದ ಬಿಸಿನೀರಿಗೆ ಗಿಣ್ಣಿನ ತುಂಡು ಅದ್ದುತ್ತ, ಮಗ್ಗಿ ಹೇಳಿಕೊಡುವ ದನಿಯಲ್ಲಿ ಹೇಳಿದಳು:

“ಮಾವ, ಆ ಸಿನಿಮಾ ಮೂಲದಲ್ಲಿ ಇಂಗ್ಲಿಷು. ಇಂಗ್ಲಿಷಲ್ಲಿ ನೀನು, ನೀವು ಎರಡೂ ಒಂದೇ.”

“ಒಂದೇ ಅಂದ್ರೆ?”

“ಒಂದೇ ಪದ. ಯೂ. ದೇವರಿಗೂ ಯೂ, ನಾಯಿಗೂ ಯೂ.”

“ಅತ್ತೆಗೂ?”

“ಅತ್ತೆಗೂ.”

ಬೆಲಾರ್ಮಿನೊ ಲೋಟ ಕೆಳಗಿಟ್ಟ. ಮುಖದಲ್ಲಿ ನಿಜವಾದ ಮರುಕ ಮೂಡಿತು. “ಪಾಪ. ಹಾಗಾದ್ರೆ ಅವರು ಜಗಳ ಹೇಗೆ ಆಡ್ತಾರೆ?”

“ಅದು ಅವರ ಪಾಡು. ನೀವು ಅಂದಿದ್ದು ಗಂಟೆಗಾರ ಅಲ್ಲ ಮಾವ. ಮೆಕ್ಸಿಕೊದಲ್ಲಿ ಡಬ್ಬಿಂಗ್ ಬರೆಯೋರು ಯಾರೋ ಹಸಿವಲ್ಲಿ ಬರೆದಿದ್ದು. ಅವರ ಊರಲ್ಲಿ ನೀವು ಅಂದ್ರೆ ದೂರ. ವೈರಿಗೆ ನೀವು ಅನ್ಸಿದಾರೆ, ಅಷ್ಟೇ ಕಥೆ.”

ಪ್ಲಿನಿಯೊ ಚಪ್ಪಾಳೆ ಹೊಡೆದ. ಬೆಲಾರ್ಮಿನೊ ಲೋಟದಲ್ಲಿ ಉಳಿದಿದ್ದನ್ನು ಕುಡಿದು ಮುಗಿಸಿದ. ಆಮೇಲೆ, ಹರಿದ ರುವಾನವನ್ನು ‘ಇದು ಗಾಳಿ ಆಡೋಕೆ ಬಿಟ್ಟಿರೋದು’ ಎಂದು ಮಾರಿದ ಅದೇ ನಾಲಗೆಯಿಂದ ಹೇಳಿದ:

“ಅವರ ಭಾಷೇಲಿ ಇಲ್ಲದ್ದನ್ನ ತುಂಬಿಕೊಡೋಕೇ ಡಬ್ಬಿಂಗ್ ಇರೋದು ಮಗಳೇ. ಅಲ್ಲಿಂದ ಖಾಲಿ ಗೋಣಿ ಬರುತ್ತೆ. ಉಣ್ಣೆ ತುಂಬೋರು ನಾವು.”

ಇಲ್ಲಿಯವರೆಗಿನದು ಬಾಯಿಚಪಲ. ಗೆದ್ದರೆ ನಗು, ಸೋತರೆ ಒಂದು ಲೋಟ ಕಾಫಿ. ಬೆಲಾರ್ಮಿನೊನ ಎದೆಗೆ ಕುತ್ತು ಬಂದದ್ದು ಫೆಬ್ರವರಿಯಲ್ಲಿ, ಅದೂ ಬೇರೆ ದಾರಿಯಿಂದ.

ಆರು ವರ್ಷದಿಂದ ಅವನು ದಿನಕ್ಕೆ ಮೂರು ಸಲ ಒತಿಲಿಯಾಳ ಕಟ್ಟೆಗೆ ಹೋಗುತ್ತಿದ್ದ. ಕಾಫಿ ಅವನಿಗೆ ಒಗ್ಗುವುದಿಲ್ಲ, ಹೊಟ್ಟೆ ಉರಿಯುತ್ತದೆ. ಹೀಗಿದ್ದೂ ಹೋಗುವುದು ಯಾಕೆಂದು ಇಡೀ ಬೀದಿಗೆ ಗೊತ್ತಿತ್ತು, ಬಾಗಿಲಿಗೆ ಅಡ್ಡ ಮಲಗುವ ನಾಯಿಗೂ ಗೊತ್ತಿತ್ತು. ಕೇಳಬೇಕಾದ ಒಂದು ಮಾತನ್ನು ಮಾತ್ರ ಅವನು ಕೇಳಿರಲಿಲ್ಲ. ಮೊದಲು ಬೆಲೆ ಹೇಳಿದವನು ಸೋತ ಎಂಬುದು ವ್ಯಾಪಾರದ ಮೊದಲ ಪಾಠ. ಎದುರಿನವರ ಬಾಯಿಂದ ಬರಲಿ ಎಂದು ಕಾದ. ಒತಿಲಿಯಾ ಕೂಡ ಎರಕದವರ ಮನೆಯವಳು, ಲೋಹ ಆರುವ ಮೊದಲು ಅಚ್ಚು ಒಡೆಯಬಾರದು ಎಂದು ಕಲಿತವಳು. ಹೀಗೆ ಆರು ವರ್ಷ.

ಫೆಬ್ರವರಿಯ ಒಂದು ಬೆಳಗ್ಗೆ ಅವಳು ಒಲೆ ಒರೆಸುತ್ತ ಹೇಳಿದಳು: “ಅಕ್ಕ ಬುಕರಮಂಗದಿಂದ ಫೋನ್ ಮಾಡಿದ್ಲು ಸುಮೆರ್ಸೆ. ಬೇಕರಿ ಒಬ್ಬಳ ಕೈಲಿ ಆಗ್ತಿಲ್ವಂತೆ. ಆಗಸ್ಟಿಗೆ ಬಂದುಬಿಡಿ ಅಂತಾಳೆ.”

“ಹೋಗ್ತೀರಾ?”

“ಇಲ್ಲೇ ಇರೋಕೆ ಏನಾದ್ರೂ ಕಾರಣ ಬೇಕಲ್ಲ.” ಅವಳು ಬಟ್ಟೆ ಹಿಂಡಿ, ಕೈ ಒರೆಸಿಕೊಂಡು, ಅವನ ಮುಖ ನೋಡಿದಳು. ಇಷ್ಟು ಹೊತ್ತು ಯಾವತ್ತೂ ನೋಡಿರಲಿಲ್ಲ.

ಬಾಗಿಲು ತೆರೆದಿತ್ತು. ಕುರಿಯಾಗಿದ್ದರೂ ಒಳಗೆ ಹೋಗಿಬಿಡುತ್ತಿತ್ತು. ಬೆಲಾರ್ಮಿನೊ ಬಾಯಿ ತೆರೆದ, ಮತ್ತು ಹೊರಬಂದದ್ದು ಇದು:

“ಬುಕರಮಂಗದಲ್ಲಿ ಸೆಕೆ ಜಾಸ್ತಿ. ಅಲ್ಲಿ ರುವಾನ ವ್ಯಾಪಾರ ಆಗಲ್ಲ.”

ಒತಿಲಿಯಾ ಒಲೆಯ ಕಡೆ ತಿರುಗಿ ಕಾಫಿ ಬಗ್ಗಿಸಿದಳು. ಆಮೇಲೆ ಲೋಟ ಅವನ ಮುಂದಿಟ್ಟು, “ಕುಡೀರಿ,” ಅಂದಳು.

ಕುಡೀರಿ. ಅಷ್ಟೇ. ಸುಮೆರ್ಸೆ ಇಲ್ಲ.

ಮೊದಲು ಅವನು ಅದನ್ನು ಮರೆವು ಅಂದುಕೊಂಡ. ಮಾರನೆಯ ದಿನವೂ “ತಗೊಳ್ಳಿ, ಬಿಸಿ ಇದೆ.” ಸುಮೆರ್ಸೆ ಇಲ್ಲ. ಅದೇ ಉಸಿರಿನಲ್ಲಿ ಪ್ಲಿನಿಯೊಗೆ “ನಿಮಗೆ ಸಕ್ಕರೆ ಎಷ್ಟು ಸುಮೆರ್ಸೆ?” ನಾಯಿಗೆ “ಆಚೆ ಹೋಗಿ ಸುಮೆರ್ಸೆ, ಕಾಲಿಗೆ ಸಿಗ್ತೀರಿ.” ಇವನಿಗೆ ಮಾತ್ರ ಒಣ ‘ನೀವು’. ಒಂದು ವಾರ ಆಯಿತು, ಒಂದು ತಿಂಗಳಾಯಿತು. “ರುವಾನ ಸರಿಯಾಗಿ ಹೊದ್ಕೊಳ್ಳಿ, ಒಂದು ಕಡೆ ಜೋತಾಡ್ತಿದೆ.” “ಇವತ್ತು ಊಟ ಮಾಡಿದ್ರಾ, ಇಲ್ವಾ? ಮುಖ ನೋಡಿದ್ರೆ ಗೊತ್ತಾಗುತ್ತೆ.” “ಆ ಗಿರಾಕಿ ಹತ್ರ ಅಷ್ಟೊತ್ತು ಏನ್ ಮಾತು?” ಎಲ್ಲ ಬೈಗುಳದ ಹಾಗೆ. ಬೆಣ್ಣೆಯ ಲೇಪವೇ ಇಲ್ಲ.

ಬೆಲಾರ್ಮಿನೊ ವ್ಯಾಪಾರಿಯ ಲೆಕ್ಕ ಹಾಕಿದ. ಸಿಹಿಯಾಗಿ ಮಾತಾಡುತ್ತಿದ್ದ ಗಿರಾಕಿ ಒಮ್ಮೆಗೇ ಸಿಹಿ ಬಿಟ್ಟರೆ ಆತ ಬೇರೆ ಅಂಗಡಿ ನೋಡಿಕೊಂಡಿದ್ದಾನೆ ಎಂದು ಅರ್ಥ. ಕೋಪ, ಇನ್ನೇನು. ಆಗಸ್ಟಿಗೆ ಹೋಗುವುದು ಖಂಡಿತ. ರಾತ್ರಿ ನಿದ್ದೆ ಬಾರದೆ, ಊಟ ಸೇರದೆ, ಪ್ಲಿನಿಯೊನ ಅಂಗಡಿಯಿಂದ ಅಜೀರ್ಣದ ಮಾತ್ರೆ ತಂದು ನುಂಗಿದ. ಸಿನಿಮಾದ ಗಂಟೆಗಾರ ಒಂದು ಸಲ ಅಂದ ‘ನೀವು’ವಿನ ಬಗ್ಗೆ ಒಂದು ಖಂಡಕ್ಕೇ ಪಾಠ ಹೇಳಿದ್ದ ಪಂಡಿತನಿಗೆ, ಮೂರಡಿ ಅಗಲದ ಕಟ್ಟೆಯ ಆಚೆಯಿಂದ ದಿನಕ್ಕೆ ಮೂರು ಸಲ ಬರುತ್ತಿದ್ದ ‘ನೀವು’ ಕೇಳಿಸಿಯೂ ಕೇಳಿಸಲಿಲ್ಲ. ಹೆಗಲ ಮೇಲೆ ರುವಾನ ಹೊದ್ದು ಊರೆಲ್ಲ ರುವಾನ ಹುಡುಕಿದವನ ಕಥೆಯನ್ನು ಗಿರಾಕಿಗಳಿಗೆ ಹೇಳಿ ನಗಿಸುತ್ತಿದ್ದವನೂ ಅವನೇ.

ಕೊನೆಗೆ ಮನಸ್ಸಿನಲ್ಲೇ ಒಂದು ಒಪ್ಪಂದ ಮಾಡಿಕೊಂಡ. ಜುಲೈನಲ್ಲಿ ಮೂರನೆಯ ಭಾಗ ಬರುತ್ತದೆ. ಗಂಟೆಗಾರ ಅಣ್ಣನಾದರೆ, ಮನುಷ್ಯರ ಮಾತು ತನಗೆ ಅರ್ಥವಾಗುತ್ತದೆ ಎಂದಾಯಿತು. ಆವತ್ತೇ ಒತಿಲಿಯಾಳನ್ನು ಕೇಳಿಬಿಡುವುದು. ಅಲ್ಲವಾದರೆ ತನಗೆ ಏನೂ ಅರ್ಥವಾಗುವುದಿಲ್ಲ ಎಂದಾಯಿತು. ಬಾಯಿ ಮುಚ್ಚಿಕೊಂಡು, ಅವಳ ಗಂಟುಮೂಟೆ ಬಸ್ಸಿಗೆ ಏರಿಸಿ ಕೊಡುವುದು. ತನ್ನ ಮದುವೆಯ ಹೊರೆಯನ್ನು ಎಲ್ಲೋ ಕೂತು ಸಿನಿಮಾ ತೆಗೆಯುವ ಅಪರಿಚಿತರ ಹೆಗಲಿಗೆ ಹೊರಿಸಿ, ಇದು ಜಾಣತನ ಎಂದೂ ಅಂದುಕೊಂಡ.

ಸಿನಿಮಾಕ್ಕೆ ಒಂದು ವಾರ ಇರುವಾಗ ಪ್ಲಿನಿಯೊ ಪಂದ್ಯ ಕಟ್ಟಿದ.

“ಅಣ್ಣ ಅಲ್ಲ ಅಂತಾದ್ರೆ?”

“ಏನ್ ಬೇಕಾದ್ರೂ ಮಾಡ್ತೀನಿ.”

“ಏನ್ ಬೇಕಾದ್ರೂ ಬೇಡ. ಭಾನುವಾರ ಬೆಳಗಿನಿಂದ ಸಂಜೆ ಆರರ ತನಕ ಕುತ್ತಿಗೆಗೆ ಹಸುವಿನ ಗಂಟೆ ಕಟ್ಕೊಂಡು, ಸಿಕ್ಕಿದವರಿಗೆಲ್ಲ ‘ನೀನು’ ಅನ್ನಬೇಕು. ಒಬ್ಬರನ್ನೂ ಬಿಡೋ ಹಾಗಿಲ್ಲ.”

“ಪಾದ್ರಿಗೂ?”

“ಪಾದ್ರಿಗೆ ಎರಡು ಸಲ.”

ಒತಿಲಿಯಾ ಸಾಕ್ಷಿ. “ಒಪ್ಕೊಂಡಿದ್ದೀರಿ, ಆಮೇಲೆ ಹಿಂದೆ ಸರೀಬೇಡಿ,” ಎಂದಳು. ಸುಮೆರ್ಸೆ ಇಲ್ಲ.

ಶನಿವಾರದ ಮಧ್ಯಾಹ್ನದ ಆಟಕ್ಕೆ ಯೆರಾಲ್ದಿನ್ ಸೇರಿ ನಾಲ್ವರೂ ಮಿನಿಬಸ್ಸು ಹತ್ತಿ ದುಯಿತಾಮಾಕ್ಕೆ ಹೋದರು. ಆರು ವರ್ಷದಲ್ಲಿ ಮೊದಲ ಬಾರಿಗೆ ಒತಿಲಿಯಾ ಕಟ್ಟೆಗೆ ಬೀಗ ಹಾಕಿದ್ದಳು. ಚಿತ್ರಮಂದಿರದಲ್ಲಿ ಅವಳು ಬೆಲಾರ್ಮಿನೊನ ಪಕ್ಕಕ್ಕೇ ಕೂತಳು. ಕಾಲಿಟ್ಟುಕೊಳ್ಳಲು ಆ ಕಡೆ ಜಾಗ ಹೆಚ್ಚಿರಬೇಕು ಎಂದು ಅವನು ತರ್ಕಿಸಿದ.

ಸಿನಿಮಾ ಅದೇ ಸೇತುವೆಯಿಂದ ಶುರುವಾಯಿತು. ಗಂಟೆಗಾರ ಕಂಚುಗೈಯನ್ನು ಮೇಲಕ್ಕೆಳೆದು ನೆಲಕ್ಕೆ ಬಿಸಾಡಿ ಅಂದ: “ನಿನ್ನನ್ನ ಉಳಿಸಿದ್ದು ನಾನೇ ಕೊಲ್ಲೋಣ ಅಂತ.”

ನಿನ್ನನ್ನ. ದನಿಯೂ ಬೇರೆ, ಡಬ್ಬಿಂಗಿನವನೇ ಬದಲಾಗಿದ್ದ. ಆಮೇಲಿನ ಎರಡು ಗಂಟೆ ಗಂಟೆಗಾರ ಎಲ್ಲರಿಗೂ ನೀನು ನೀನು ಎನ್ನುತ್ತಲೇ ಊರು ಸುಟ್ಟ. ಆದರೂ ಮುಖವಾಡ ಇನ್ನೂ ಇದೆಯಲ್ಲ, ಅದರೊಳಗೆ ಅಣ್ಣನ ಮುಖ ಇರಬಹುದಲ್ಲ ಎಂದು ಬೆಲಾರ್ಮಿನೊ ಕೊನೆಯವರೆಗೂ ಅಂಗಡಿ ಮುಚ್ಚಲಿಲ್ಲ. ಕಡೆಗೆ ಕಂಚುಗೈ ತನ್ನ ಬಿರುಕು ಕೈಯಿಂದ ಮುಖವಾಡ ಕಿತ್ತ.

ಒಳಗೆ ಯಾರೂ ಇರಲಿಲ್ಲ. ಅಣ್ಣನೂ ಇಲ್ಲ, ಮುದುಕನಾದ ಕಂಚುಗೈಯೂ ಇಲ್ಲ. ಬರಿಯ ಗಂಟೆ. ಅದಕ್ಕೆ ನಾಲಗೆ ಕೂಡ ಇರಲಿಲ್ಲ.

ಎರಡು ವರ್ಷ ಯಾರ ಮುಖ ಎಂದು ಹೊಡೆದಾಡಿದ್ದ ಇಡೀ ಚಿತ್ರಮಂದಿರ ಒಟ್ಟಿಗೆ ಉಸಿರು ಬಿಟ್ಟಿತು. ಪ್ಲಿನಿಯೊಗೆ ಗೆದ್ದ ಖುಷಿಯೂ ಆಗಲಿಲ್ಲ. ವಾಪಸು ಬರುವಾಗ ಡ್ರೈವರು “ಹೇಗಿತ್ತು ಸುಮೆರ್ಸೆ?” ಎಂದು ಕೇಳಿದ್ದಕ್ಕೆ “ಖಾಲಿ,” ಎಂದಷ್ಟೇ ಹೇಳಿ ಕಿಟಕಿಗೆ ತಲೆ ಆನಿಸಿದ. ಬೆಲಾರ್ಮಿನೊ ಮುಂದಿನ ಸೀಟಿನಲ್ಲಿ ಕೂತಿದ್ದ ಒತಿಲಿಯಾಳ ಜಡೆಯನ್ನೇ ನೋಡುತ್ತ ಬಂದ. ನಾಲಗೆ ಇಲ್ಲದ ಗಂಟೆ ಯಾವುದೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಭಾನುವಾರ ಎಂಟು ಗಂಟೆಗೆ ಪ್ಲಿನಿಯೊ ಎರಕದವರಿಂದ ಗಂಟೆ ತಂದು ಕಟ್ಟಿದ. ಊರಿನ ಒಳ್ಳೆಯ ಕಂಚು. ಒಂದು ಹೆಜ್ಜೆಗೆ ಎರಡು ಸಲ ಹೊಡೆಯುತ್ತಿತ್ತು. ಪೂಜೆ ಮುಗಿಸಿ ಬಂದ ಪಾದ್ರಿ ಮೊದಲು ಸಿಕ್ಕಿದರು.

“ಏನು ಪಾದ್ರೀ, ಚೆನ್ನಾಗಿದ್ದೀಯಾ? ನಿನ್ನ ಮಂಡಿನೋವು ಹೇಗಿದೆ?”

ಪಾದ್ರಿ ಅವನ ಹಣೆ ಮುಟ್ಟಿ ನೋಡಿದರು. “ಜ್ವರ ಏನಾದ್ರೂ ಇದೆಯಾ ಸುಮೆರ್ಸೆ?”

ಬೆಟ್ಟದಿಂದ ಮೊಟ್ಟೆ ತಂದಿದ್ದ ಮುದುಕಿ “ನೀನು” ಕೇಳಿ ಎಂಬತ್ತು ವರ್ಷದ ಮುಖ ಕೆಂಪಗೆ ಮಾಡಿಕೊಂಡು, “ನಮ್ಮೆಜಮಾನ್ರೂ ಹಿಂಗೆ ಕರೆದಿಲ್ಲ ಸುಮೆರ್ಸೆ,” ಎಂದು ಎರಡು ಮೊಟ್ಟೆ ಹೆಚ್ಚಿಗೆ ಕೊಟ್ಟಳು. ಪೊಲೀಸಿನವನು ಗುರುತಿನ ಚೀಟಿ ಕೇಳಿದ. ಕರಾವಳಿಯಿಂದ ಊರು ನೋಡಲು ಬಂದಿದ್ದ ಹೆಂಗಸೊಬ್ಬಳು ಮಾತ್ರ, “ಈ ಬೆಟ್ಟದ ಮೇಲೆ ಮನುಷ್ಯರ ಹಾಗೆ ಮಾತಾಡೋನು ನೀನೊಬ್ಬನೇ ಸಿಕ್ಕಿದ್ದು,” ಎಂದು ಚೌಕಾಸಿ ಮಾಡದೆ ಎರಡು ರುವಾನ ಕೊಂಡಳು. ಮೂವತ್ತು ವರ್ಷ ವೃಥಾ ಮರ್ಯಾದೆ ಕೊಟ್ಟೆನಲ್ಲ ಎಂದು ಬೆಲಾರ್ಮಿನೊಗೆ ಅನ್ನಿಸಿತು.

ಆದರೆ ಮಧ್ಯಾಹ್ನದವರೆಗೂ ಅವನು ಬೀದಿ ದಾಟಿ ಎದುರು ಬದಿಗೆ ಹೋಗಲಿಲ್ಲ. ಮೂರು ಸಲದ ಕಾಫಿಯಲ್ಲಿ ಎರಡು ತಪ್ಪಿತು.

“ಒಬ್ಬರನ್ನೂ ಬಿಡೋ ಹಾಗಿಲ್ಲ ಅಂತ ಮಾತು!” ಪ್ಲಿನಿಯೊ ಸ್ಟೂಲಿನ ಮೇಲಿಂದ ಕೂಗಿದ. “ಬನ್ನಿ ದೋನ್ ಬೆಲಾರ್ಮಿನೊ, ಇಲ್ಲೊಬ್ಬರು ಬಾಕಿ ಇದಾರೆ.”

ಬೀದಿಯ ಅಂಗಡಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಬೆಲಾರ್ಮಿನೊ ಢಣ್ ಢಣ್ ಎನ್ನುತ್ತ ಬೀದಿ ದಾಟಿದ. ಧಾರಾವಾಹಿಯ ನಾಯಕರು ಹುಡುಗಿಯರಿಗೆ ಅನ್ನುವ ಮಾತನ್ನು ಈ ಜನರೆದುರು, ಈ ಗಂಟೆ ಕಟ್ಟಿಕೊಂಡು, ಊರು ಬಿಟ್ಟು ಹೋಗಲಿರುವ ಹೆಂಗಸಿಗೆ ಅನ್ನಬೇಕು. ಐವತ್ಮೂರು ವರ್ಷಕ್ಕೆ ಇಂಥ ಲಾಭ. ಕಟ್ಟೆಯ ಮುಂದೆ ನಿಂತು ಟೋಪಿ ತೆಗೆದ.

“ಒತಿಲಿಯಾ,” ಎಂದ. “ನೀ...”

ಗಂಟೆ ಢಣ್ ಎಂದಿತು. ಒತಿಲಿಯಾ ಕಟ್ಟೆಯ ಮೇಲಿಂದ ಬಾಗಿ, ಗಂಟೆಯೊಳಗೆ ಕೈ ಹಾಕಿ, ಅದರ ನಾಲಗೆಯನ್ನು ಮುಷ್ಟಿಯಲ್ಲಿ ಹಿಡಿದಳು.

“ನನಗೆ ನೀನು ಅನ್ನಬೇಡಿ.”

“ಪಂದ್ಯ...”

“ಬೆಳಗಿನಿಂದ ಆ ಮಾತನ್ನ ಪಾದ್ರಿಗೆ, ಪೊಲೀಸಿಗೆ, ಮೊಟ್ಟೆ ಅಜ್ಜಿಗೆ, ಆ ಕರಾವಳಿಯೋಳಿಗೆ ಎಲ್ಲ ಹಂಚಿ ಆಯ್ತು. ಊರೆಲ್ಲ ಮುಟ್ಟಿದ್ದು ನನಗೆ ಬೇಡ. ನನಗೆ ನೀವು ಅನ್ನಿ.”

ಬೆಲಾರ್ಮಿನೊ ಟೋಪಿಯನ್ನು ಕಟ್ಟೆಯ ಮೇಲಿಟ್ಟ.

“ಫೆಬ್ರವರಿಯಿಂದ ಒಂದು ಸಲ ಆದ್ರೂ ನಿಮಗೆ ಸುಮೆರ್ಸೆ ಅಂದಿದೀನಾ?” ಎಂದಳು ಅವಳು.

“ಇಲ್ಲ. ಅದೇ... ಕೋಪ ಅಂದ್ಕೊಂಡೆ.”

“ಕೋಪ! ಸುಮೆರ್ಸೆ ಊರವರಿಗೆ, ಬರೀ ನೀವು ಮನೆಯವರಿಗೆ. ಎಲ್ಲೋ ಇರೋ ಬಾಣಲೆ ತಲೆಯವನು ಒಂದ್ಸಲ ನೀವು ಅಂದ್ರೆ ಅಣ್ಣ, ತಮ್ಮ, ರಕ್ತಸಂಬಂಧ ಅಂತ ಅರ್ಜೆಂಟೀನಾ ತನಕ ಡಂಗುರ ಹೊಡೀತೀರಿ. ನಾನು ಐದು ತಿಂಗಳು, ದಿನಕ್ಕೆ ಮೂರು ಸಲ, ನೀವು ಅಂದ್ರೆ ಅಜೀರ್ಣದ ಮಾತ್ರೆ ನುಂಗ್ತೀರಿ.”

ಮಾತ್ರೆಯ ವಿಷಯ ಇವಳಿಗೆ ಹೇಗೆ ಗೊತ್ತಾಯಿತು ಎಂದು ಬೆಲಾರ್ಮಿನೊ ತಿರುಗಿ ನೋಡಿದ. ಪ್ಲಿನಿಯೊ ಗಾಜಿನ ಪೆಟ್ಟಿಗೆಯಲ್ಲಿದ್ದ ಅಲ್ಮೊಹಾಬಾನಗಳನ್ನು ಎಣಿಸುತ್ತಿದ್ದ.

ಮೊದಲು ಬೆಲೆ ಹೇಳಿದವನು ಸೋತ. ಇರಲಿ, ನಿನ್ನೆಯಿಂದ ಸೋತು ಸೋತು ರೂಢಿಯಾಗಿತ್ತು.

“ಆಗಸ್ಟಿಗೆ ಹೋಗಬೇಡಿ,” ಎಂದ.

“ಯಾಕೆ? ಸೆಕೆ ಅಂತಲಾ?”

“ಅಲ್ಲ. ನಿಮ್ಮನ್ನ... ನೀವು ನನ್ನನ್ನ ಮದುವೆ ಆಗ್ತೀರಾ, ಒತಿಲಿಯಾ?”

“ನೀವು ಅಂದ್ರು!” ಪ್ಲಿನಿಯೊ ಸ್ಟೂಲಿನಿಂದ ನೆಗೆದ. “ಎಲ್ಲರೂ ಕೇಳಿಸ್ಕೊಂಡ್ರಲ್ಲ? ಎರಡು ಸಲ ಅಂದ್ರು! ಪಂದ್ಯ ಮುರೀತು, ಮುಂದಿನ ಭಾನುವಾರನೂ ಗಂಟೆ!”

“ಪಂದ್ಯ ಊರಿಂದು,” ಎಂದಳು ಒತಿಲಿಯಾ. “ಇದು ಮನೆ ಮಾತು, ಅದಕ್ಕೆ ಸೇರಲ್ಲ. ನೀವು ಹೋಗಿ ಅಂಗಡಿ ನೋಡ್ಕೊಳ್ಳಿ ಸುಮೆರ್ಸೆ.” ಆಮೇಲೆ ಗಂಟೆಯ ನಾಲಗೆ ಬಿಟ್ಟು ಬೆಲಾರ್ಮಿನೊಗೆ ಹೇಳಿದಳು: “ಹಂಗೇ ಏನ್ ನಿಂತಿದೀರಿ? ಹಾಲು ಉಕ್ತಿದೆ, ಇಳಿಸಿ.”

ಬೆಲಾರ್ಮಿನೊ ಮೊದಲ ಸಲ ಕಟ್ಟೆಯ ಆ ಬದಿಗೆ ಹೋದ. ಬಟ್ಟೆ ಯಾವುದೆಂದು ತಿಳಿಯದೆ ಕೈಗೆ ಸಿಕ್ಕ ರುವಾನದ ಅಂಚಿನಿಂದ ಪಾತ್ರೆ ಹಿಡಿದ. ಕೂದಲು ಸುಟ್ಟ ವಾಸನೆ ಬಂತು, ಅಪ್ಪಟ ಉಣ್ಣೆ. ಅರ್ಧ ಹಾಲು ಒಲೆಯ ಮೇಲೆ, ಇನ್ನರ್ಧ ನಾಯಿಯ ಪಾಲು. ಗಂಟೆ ಮಾತ್ರ ಸಂಜೆ ಆರರವರೆಗೂ ಕುತ್ತಿಗೆಯಲ್ಲೇ ಇತ್ತು, ಯಾಕೆಂದರೆ ಊರಿನ ಮಾತು ಊರಿನ ಮಾತೇ.

ಸಂಜೆ ಒತಿಲಿಯಾ ಬುಕರಮಂಗದ ಅಕ್ಕನಿಗೆ ಫೋನು ಮಾಡಿ ತಾನು ಬರುವುದಿಲ್ಲ ಎಂದಳು. ಯಾಕೆ ಎಂದು ಅಕ್ಕ ಕೇಳಿದಳು.

“ಹೇಗ್ ಬಿಟ್ಟು ಬರ್ಲಿ?” ಎಂದಳು ಒತಿಲಿಯಾ. “ಇಲ್ಲೊಬ್ಬರಿಗೆ ಹಾಲು ಇಳಿಸೋಕೂ ಬರಲ್ಲ.”